80 ಜನರ ಪಾಸೋವರ್ ಸೇಡರ್: ಪುಟ್ಟ ಮಕ್ಕಳು, ವೀಲ್‌ಚೇರ್, ಅಲರ್ಜಿ, ಸಸ್ಯಾಹಾರ ಎಲ್ಲ ಒಂದೇ ಹಾಲ್‌ನಲ್ಲಿ. ಹೇಗೆ ಹೊಂದಿಸೋದು?

ಹಾಲ್_ಉಸ್ತುವಾರಿ
ನ್ಯೂಜೆರ್ಸಿಯ ಒಂದು ಸಿನಗಾಗ್‌ನಲ್ಲಿ (ಯಹೂದಿ ಪ್ರಾರ್ಥನಾ ಮಂದಿರ) ಪಾಸೋವರ್, ಅಂದ್ರೆ ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದ ಹಬ್ಬದ ಎರಡನೇ ರಾತ್ರಿ ಸಮುದಾಯದ ಸೇಡರ್ (ಆ ಕಥೆ ಓದ್ತಾ ವಿಧಿಪ್ರಕಾರ ಮಾಡೋ ಊಟ) ಇಟ್ಕೊಂಡಿದ್ದೀವಿ. ಕಟ್ಟುನಿಟ್ಟಿನವರಿಗೂ ಸಡಿಲದವರಿಗೂ ನಡುವಿನ ಕನ್ಸರ್ವೇಟಿವ್ ಪಂಗಡ, 80 ಜನ. ಹತ್ತು ವರ್ಷದೊಳಗಿನ ಮಕ್ಕಳು 16. ಎಂಬತ್ತು ದಾಟಿದವರು ಒಂಬತ್ತು ಮಂದಿ, ಅವರಲ್ಲಿ ಇಬ್ಬರು ವೀಲ್‌ಚೇರ್‌ನಲ್ಲಿ. ಆಟಿಸಂ ಇರೋ ಇಬ್ಬರು ಮಕ್ಕಳು, ಸೀಲಿಯಾಕ್ (ಗೋಧಿಯ ಗ್ಲೂಟನ್ ಆಗದ ಕಾಯಿಲೆ) ಇರೋ ಮೂವರು, ನಟ್ಸ್ ಅಲರ್ಜಿಯ ಒಂದು ಮಗು. ಸೊಸೆ ಅಥವಾ ಅಳಿಯ ಯಹೂದಿ ಅಲ್ಲದ ಮನೆಗಳೂ ಇವೆ. ಅವುಗಳಲ್ಲಿ ಮೂರು ಮನೆಗೆ ಊರಿಂದ ಬಂದ ಅಪ್ಪ-ಅಮ್ಮ ನಮ್ಮ ಕನ್ನಡದೋರೇ, ಮೊಟ್ಟೆನೂ ಮುಟ್ಟದ ಸಸ್ಯಾಹಾರಿಗಳು. ಅದಕ್ಕೇ ಇಲ್ಲಿ ಕೇಳ್ತಿರೋದು.

ತಂಡದಲ್ಲಿ ಒಂದು ಸಲಹೆ ಬಂದಿದೆ: ವಿಶೇಷ ಅಗತ್ಯ ಇರೋರಿಗೆಲ್ಲ ಬಾಗಿಲ ಹತ್ರ ಒಂದು ಪ್ರತ್ಯೇಕ ಟೇಬಲ್ ಹಾಕಿಬಿಡೋಣ ಅಂತ. ನನಗೆ ಅದು ಒಪ್ಪಿಗೆಯಾಗ್ತಿಲ್ಲ, ಆದ್ರೆ ಬದಲಿಗೆ ಏನು ಮಾಡ್ಬೇಕು ಅಂತ ಬಿಡಿಸಿ ಹೇಳೋಕೂ ಬರ್ತಿಲ್ಲ. ಸಮಯ, ಊಟ, ಕೂರಿಸೋದು, ಮೂರಕ್ಕೂ ತಿಳಿದವರು ಹೇಳಿ.

ಹದಿನೈದು_ಹೆಜ್ಜೆ
ಪ್ರತ್ಯೇಕ ಟೇಬಲ್ ಬೇಡವೇ ಬೇಡ. ಆಟಿಸಂ ಇರೋ ಮಗು, ಕಿವಿ ಮಂದ ಇರೋ ಅಜ್ಜ, ಸೀಲಿಯಾಕ್ ಇರೋ ಹುಡುಗಿ, ಈ ಮೂವರಿಗೂ ಬೇಕಾಗಿರೋದು ಮೂರು ಬೇರೆ ಬೇರೆ ವಿಷಯ. ಒಂದೇ ಮೇಜಿಗೆ ಕೂರಿಸಿದ್ರೆ ಯಾರಿಗೂ ಅನುಕೂಲ ಆಗಲ್ಲ, ಮನೆಯವರಿಂದ ದೂರ ಕೂತ ಹಾಗಾಗುತ್ತೆ ಅಷ್ಟೇ.

ಮಕ್ಕಳ ವಿಷಯಕ್ಕೆ ಬಂದ್ರೆ ಸೇಡರ್‌ನಷ್ಟು ಅನುಕೂಲದ ಹಬ್ಬ ಇನ್ನೊಂದಿಲ್ಲ. ಮೊದಲ ಲೋಟದ ಕದೇಶ್‌ನಿಂದ ಮುಕ್ತಾಯದ ನಿರ್ತ್ಸಾವರೆಗೆ 15 ಹೆಜ್ಜೆ, ಕ್ರಮ ಮೊದಲೇ ಗೊತ್ತು. ಅದನ್ನೇ ಚಿತ್ರಪಟ್ಟಿ ಮಾಡಿ: ಲೋಟ, ಕೈ ತೊಳೆಯೋದು, ಸೊಪ್ಪು ಅದ್ದೋದು, ಮತ್ಸಾ (ಹುಳಿಬರಿಸದ ರೊಟ್ಟಿ) ಮುರಿಯೋದು, ಕಥೆ, ಹೀಗೆ. ಪ್ರತಿ ಟೇಬಲ್‌ಗೂ ಒಂದು ಹಾಳೆ, ವೆಲ್ಕ್ರೋ ಹಾಕಿದ ಬಾಣದ ಗುರುತು, ಹೆಜ್ಜೆ ಮುಗಿದ ಹಾಗೆ ಮಗುವೇ ಬಾಣ ಸರಿಸಲಿ. ಆಟಿಸಂ ಇರೋ ಇಬ್ಬರಿಗೆ ಮಾತ್ರ ಕೊಡಬೇಡಿ, ಹತ್ತೂ ಟೇಬಲ್‌ಗೆ ಇಡಿ. ಹೀಬ್ರೂ ಬಾರದ ಕನ್ನಡದ ಅಜ್ಜಿಗೂ ಈಗ ಎಲ್ಲಿದ್ದೀವಿ ಅಂತ ಗೊತ್ತಾಗೋದು ಅದರಿಂದಲೇ.

ಒಂದು ಎಚ್ಚರ. ಮಗ್ಗಿದ್, ಅಂದ್ರೆ ಕಥೆಯ ಹೆಜ್ಜೆ, ಉಳಿದ ಎಲ್ಲಕ್ಕಿಂತ ತುಂಬ ಉದ್ದ. ಪಟ್ಟಿಯಲ್ಲಿ ಅದಕ್ಕೂ ಒಂದೇ ಚಿತ್ರ ಹಾಕಿದ್ರೆ ಬಾಣ ಅಲ್ಲೇ ನಿಂತುಬಿಡುತ್ತೆ, ಮಗು ಕಂಗಾಲಾಗುತ್ತೆ. ಅದನ್ನ ನಾಲ್ಕಾಗಿ ಒಡೀರಿ: ನಾಲ್ಕು ಪ್ರಶ್ನೆ, ನಾಲ್ಕು ಮಕ್ಕಳು, ಹತ್ತು ಪಿಡುಗು, ದಯೇನು ಹಾಡು.

ನಿಯಮ_ನೋಡಿ
ಸಮಯದ ಬಗ್ಗೆ. ಮತ್ಸಾ ತಿನ್ನೋ ಕಟ್ಟಳೆ ರಾತ್ರಿಗೆ ಸೇರಿದ್ದು. ಏಪ್ರಿಲ್ ಮೊದಲ ವಾರದಲ್ಲಿ ನ್ಯೂಜೆರ್ಸಿಯಲ್ಲಿ ಸೂರ್ಯ ಮುಳುಗೋದೇ ಸುಮಾರು 7:25ಕ್ಕೆ, ಪೂರ್ತಿ ಕತ್ತಲಾಗೋಕೆ 8 ದಾಟುತ್ತೆ. ಇನ್ನೊಂದು ವಿಷಯ: ಎರಡನೇ ರಾತ್ರಿಯ ಸಿದ್ಧತೆಯನ್ನ ಮೊದಲನೇ ದಿನ ಹಗಲಲ್ಲಿ ಮಾಡಬಾರದು ಅನ್ನೋ ಕಟ್ಟುನಿಟ್ಟೂ ಇದೆ. ಅಲಂಕಾರ, ಮೇಜು, ಕುರ್ಚಿ ಎಲ್ಲ ಹಬ್ಬ ಶುರುವಾಗೋ ಮುಂಚೆಯೇ ಮುಗಿಸಿ ಹಾಲ್‌ಗೆ ಬೀಗ ಹಾಕೋದು ಒಳ್ಳೇದು. ಇದನ್ನ ಎಷ್ಟು ಬಿಗಿಯಾಗಿ ಪಾಲಿಸ್ತೀರಿ ಅನ್ನೋದು ನಿಮ್ಮ ರಬ್ಬಿಗೆ (ಧರ್ಮಗುರು) ಬಿಟ್ಟಿದ್ದು.

ತುಂಗಾತೀರ
8 ಗಂಟೆಗೆ ಶುರು ಅಂದ್ರೆ ಮೂರು ವರ್ಷದ ಮಗು ನಾಲ್ಕು ಪ್ರಶ್ನೆ ಬರೋ ಮುಂಚೆಯೇ ನಿದ್ದೆ.

ನಿಯಮ_ನೋಡಿ
@ತುಂಗಾತೀರ ಅದಕ್ಕೇ ಅಲ್ವಾ ಮಕ್ಕಳನ್ನ ಮಧ್ಯಾಹ್ನ ಮಲಗಿಸಿ ಅನ್ನೋದು. ಸೇಡರ್‌ನಲ್ಲಿ ವಿಚಿತ್ರ ಅನ್ನಿಸೋ ಎಷ್ಟೋ ಆಚರಣೆ ಇರೋದೇ ಮಕ್ಕಳು ಎಚ್ಚರ ಇದ್ದು ಪ್ರಶ್ನೆ ಕೇಳಲಿ ಅಂತ.

ಹದಿನೈದು_ಹೆಜ್ಜೆ
ಮಧ್ಯಾಹ್ನ ಮಲಗಿಸೋದು ಎಲ್ಲ ಮಕ್ಕಳ ಹತ್ರ ಆಗೋ ಮಾತಲ್ಲ. ಸಡಿಲ ಪಂಗಡವಾದ ರಿಫಾರ್ಮ್ ಸಿನಗಾಗ್‌ಗಳು 5:30, 6ಕ್ಕೇ ಶುರು ಮಾಡ್ತವೆ. ನಿಮ್ಮದು ಕನ್ಸರ್ವೇಟಿವ್ ಆದ್ರಿಂದ ನಡುದಾರಿ ಹಿಡೀರಿ: 6:45ಕ್ಕೆ ಬಾಗಿಲು ತೆಗೆದು, ಆಶೀರ್ವಚನ ಬೇಕಾಗದ ಭಾಗಗಳನ್ನ ಮೊದಲು ಮುಗಿಸಿ. ಕಥೆಯನ್ನ ಆಟದ ಹಾಗೆ ಆಡಿಸೋದು, ಹತ್ತು ಪಿಡುಗಿನ ಪ್ರದರ್ಶನ, ಹಾಡು ಕಲಿಸೋದು. ಕತ್ತಲಾದ ಕೂಡಲೇ ಕದೇಶ್. ಕಥೆ ಮಕ್ಕಳ ತಲೆಯಲ್ಲಿ ಆಗಲೇ ಕೂತಿರೋದ್ರಿಂದ ಮಗ್ಗಿದ್ ಅರ್ಧ ಗಂಟೆಯಲ್ಲಿ ಮುಗಿಯುತ್ತೆ, 9ಕ್ಕೆ ಊಟ ಬಡಿಸಬಹುದು.

ಅಡುಗೆಮನೆ_ಲೆಕ್ಕ
ಊಟ 9ಕ್ಕೆ ಅಂದ್ರೆ ಹಸಿವಿನ ದಾರಿ ನೋಡ್ಕೊಳ್ಳಿ. ಕರ್ಪಾಸ್, ಅಂದ್ರೆ ಸೊಪ್ಪು ಉಪ್ಪುನೀರಲ್ಲಿ ಅದ್ದಿ ತಿನ್ನೋ ಹೊತ್ತಿಗೆ ಬರೀ ಒಂದು ಎಳೆ ಪಾರ್ಸ್ಲಿ ಕೊಟ್ಟು ಸುಮ್ಮನಾಗೋದೇ ಸಮುದಾಯ ಸೇಡರ್‌ಗಳು ಎಡವೋ ಜಾಗ. ಬೇಯಿಸಿದ ಆಲೂಗಡ್ಡೆ, ಕ್ಯಾರೆಟ್, ಸೌತೆಕಾಯಿ, ಸೆಲರಿ ತಟ್ಟೆ ತುಂಬ ಇಡಿ. ತಲೆಗೆ 150 ಗ್ರಾಂ ಲೆಕ್ಕ ಹಾಕಿದ್ರೆ 80 ಜನಕ್ಕೆ 12 ಕೆಜಿ ತರಕಾರಿ. ಉಪ್ಪುನೀರು ಲೀಟರಿಗೆ ಒಂದು ದೊಡ್ಡ ಚಮಚ ಉಪ್ಪು, ಮೂರು ಲೀಟರ್ ಸಾಕು.

ನಿಯಮ_ನೋಡಿ
ಕರ್ಪಾಸ್ ಅನ್ನ ಕಜಾಯಿತ್ ಅನ್ನೋ ಅಳತೆಗಿಂತ ಕಮ್ಮಿ ತಿನ್ನಬೇಕು ಅನ್ನೋದು ಹೆಚ್ಚಿನವರ ರೂಢಿ, ಅಂದ್ರೆ ಸುಮಾರು 27 ಗ್ರಾಂ ಒಳಗೆ. ಜಾಸ್ತಿ ತಿಂದ್ರೆ ತಿಂದಾದ ಮೇಲಿನ ಆಶೀರ್ವಚನ ಹೇಳ್ಬೇಕೋ ಬೇಡವೋ ಅನ್ನೋ ಗೊಂದಲ ಬರುತ್ತೆ. 150 ಗ್ರಾಂ ಎಲ್ಲಿಂದ ಬಂತು?

ಅಡುಗೆಮನೆ_ಲೆಕ್ಕ
ಕಟ್ಟುನಿಟ್ಟಿನವರು ಒಂದು ತುಂಡು ತಿಂದು ಸುಮ್ಮನಿರಲಿ, ಯಾರೂ ಒತ್ತಾಯ ಮಾಡಲ್ಲ. ಆದ್ರೆ ಆರು ವರ್ಷದ ಮಗುವನ್ನ, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತಗೊಂಡು ಬಂದಿರೋ ಹಿರಿಯರನ್ನ 9 ಗಂಟೆವರೆಗೆ ಖಾಲಿ ಹೊಟ್ಟೆಯಲ್ಲಿ ಕೂರಿಸೋದು ಸರಿಯಲ್ಲ. 6:45ರ ಆಟದ ಹೊತ್ತಿಗೇ ಬೇಯಿಸಿದ ಆಲೂಗಡ್ಡೆ ಇಟ್ಟುಬಿಟ್ರೆ ನಿಮ್ಮ ತಕರಾರೂ ಇರಲ್ಲ, ಅದಿನ್ನೂ ಸೇಡರ್ ಅಲ್ಲವಲ್ಲ.

ನಿಯಮ_ನೋಡಿ
ಹಾಗಾದ್ರೆ ಸರಿ. ಅದು ಒಳ್ಳೆ ದಾರಿ.

ಅಡುಗೆಮನೆ_ಲೆಕ್ಕ
ಉಳಿದ ಲೆಕ್ಕ ಬರೀತೀನಿ, ಬೇಕಾದವರು ತಗೊಳ್ಳಿ.

ಮತ್ಸಾ: ಮೋತ್ಸಿ-ಮತ್ಸಾ (ಮೊದಲು ತಿನ್ನೋದು), ಕೋರೆಖ್ (ಕಹಿಸೊಪ್ಪು ಇಟ್ಟು ತಿನ್ನೋದು), ಅಫಿಕೋಮೆನ್ (ಬಚ್ಚಿಟ್ಟು ಕೊನೆಗೆ ತಿನ್ನೋ ತುಂಡು) ಸೇರಿ ತಲೆಗೆ ಎರಡು. ಪ್ರತಿ ಟೇಬಲ್‌ನ ವಿಧಿಗೆ ಮೂರು. 160 + 30 = 190. ಒಂದು ಪೌಂಡ್ ಪೆಟ್ಟಿಗೆಯಲ್ಲಿ ಹೆಚ್ಚುಕಡಿಮೆ 10 ಇರ್ತವೆ, ಮುರಿದದ್ದೂ ಸಿಗುತ್ತೆ. 22 ಪೆಟ್ಟಿಗೆ ತರಿಸಿ.

ವೈನ್: ಲೋಟಕ್ಕೆ ಕನಿಷ್ಠ 86 ಮಿ.ಲೀ., ನಾಲ್ಕು ಲೋಟಕ್ಕೆ ಸುಮಾರು 350. ಒಟ್ಟು 28 ಲೀಟರ್. ಅರ್ಧ ವೈನ್ ಅಂದ್ರೆ 19 ಬಾಟಲಿ, ಉಳಿದರ್ಧ ದ್ರಾಕ್ಷಿ ರಸ. ಬಡಿಸೋರು ಎಲ್ಲ ಯಹೂದಿಗಳೇ ಅಂತ ಇಲ್ಲದಿದ್ರೆ ಮೆವುಶಾಲ್, ಅಂದ್ರೆ ಕಾಯಿಸಿದ ಕೋಶರ್ (ಯಹೂದಿ ಆಹಾರನಿಯಮದ) ವೈನ್ ಅನ್ನೇ ತನ್ನಿ. ಯಾರು ಸುರಿದ್ರೂ ಪ್ರಶ್ನೆ ಏಳಲ್ಲ, ಕನ್ನಡದ ಅಳಿಯ ಪಕ್ಕದವರ ಲೋಟ ತುಂಬಿದಾಗ ಯಾರೂ ಮುಖ ಮುಖ ನೋಡ್ಕೊಳ್ಳೋ ಪ್ರಸಂಗ ಬರಲ್ಲ. ವೈನ್, ದ್ರಾಕ್ಷಿ ರಸ ಎರಡನ್ನೂ ಪ್ರತಿ ಟೇಬಲ್‌ನಲ್ಲಿ ಒಂದೇ ಥರದ ಹೂಜಿಯಲ್ಲಿಟ್ಟು ಚೀಟಿ ಅಂಟಿಸಿ. ಕುಡಿತ ಬಿಟ್ಟವರು, ಗರ್ಭಿಣಿಯರು, ಮಾತ್ರೆ ನುಂಗೋರು ಯಾರಿಗೂ ಕಾರಣ ಹೇಳಬೇಕಾಗಿಲ್ಲ.

ಖರೋಸೆತ್ (ಹಣ್ಣಿನ ಸಿಹಿ ಗೊಜ್ಜು): ಸೇಬು 2 ಕೆಜಿ, ಬೀಜ ತೆಗೆದ ಖರ್ಜೂರ ಅರ್ಧ ಕೆಜಿ, ದ್ರಾಕ್ಷಿ ರಸ 250 ಮಿ.ಲೀ., ಚಕ್ಕೆಪುಡಿ ಎರಡು ಸಣ್ಣ ಚಮಚ. ವಾಲ್‌ನಟ್ ಹಾಕಬೇಡಿ.

ತುಂಗಾತೀರ
ವಾಲ್‌ನಟ್ ಬದಲು ಸೂರ್ಯಕಾಂತಿ ಬೀಜ ಹಾಕಬಹುದಲ್ಲ? ಕರುಮ್ ಕುರುಮ್ ಇರುತ್ತೆ.

ನಿಯಮ_ನೋಡಿ
ಸೂರ್ಯಕಾಂತಿ, ಎಳ್ಳು ಎರಡನ್ನೂ ಅಶ್ಕೆನಾಜಿಗಳು (ಮಧ್ಯ-ಪೂರ್ವ ಯುರೋಪ್ ಮೂಲದ ಯಹೂದಿಗಳು) ಕಿತ್ನಿಯೋತ್, ಅಂದ್ರೆ ಪಾಸೋವರ್‌ನಲ್ಲಿ ತಾವು ತಿನ್ನದ ಕಾಳು-ಬೀಜಗಳ ಲೆಕ್ಕಕ್ಕೆ ಹಾಕ್ತಾರೆ. ಒಂದು ತಾಪತ್ರಯ ತಪ್ಪಿಸೋಕೆ ಹೋಗಿ ಇನ್ನೊಂದು. ಖರ್ಜೂರದ್ದೇ ಸರಿ. ಕೊಚ್ಚಿ ಯಹೂದಿಗಳೂ ಇರಾಕಿ ಯಹೂದಿಗಳೂ ಖರ್ಜೂರ ಕುದಿಸಿ ಸೋಸಿ ಪಾಕ ಮಾಡ್ಕೊಳ್ತಾರೆ, ನಟ್ಸ್ ಅಲರ್ಜಿ ಇರೋರಿಗೆ ಬರೀ ಪಾಕವೇ ಸಾಕು.

ಗೋಧಿ_ಬೇಡ
ಸೀಲಿಯಾಕ್ ಬಗ್ಗೆ ಮೂರು ತಪ್ಪು ಪದೇ ಪದೇ ಆಗ್ತವೆ.

ಒಂದು, ಅಂಗಡಿಯಲ್ಲಿ 'ಗ್ಲೂಟನ್ ಫ್ರೀ' ಅಂತ ಮತ್ಸಾ ಥರವೇ ಕಾಣೋ ಚೌಕಗಳು ಸಿಗ್ತವೆ. ಆಲೂಗಡ್ಡೆ, ಟಪಿಯೋಕಾ ಪಿಷ್ಟದವು. ತಿನ್ನೋಕೆ ಅಡ್ಡಿಯಿಲ್ಲ, ಆದ್ರೆ ಗೋಧಿ, ಬಾರ್ಲಿ, ಓಟ್ಸ್, ರೈ, ಸ್ಪೆಲ್ಟ್, ಈ ಐದು ಧಾನ್ಯದಲ್ಲಿ ಒಂದು ಇಲ್ಲದ ಮತ್ಸಾದಿಂದ ಸೇಡರ್‌ನ ಕಟ್ಟಳೆ ನೆರವೇರಲ್ಲ. ಬೇಕಾಗಿರೋದು ಗ್ಲೂಟನ್ ಇಲ್ಲ ಅಂತ ಪ್ರಮಾಣಪತ್ರ ಇರೋ ಓಟ್ಸ್ ಮತ್ಸಾ. ದುಬಾರಿ, ಬೇಗ ಖಾಲಿಯಾಗುತ್ತೆ. ಪೂರಿಮ್ ಹಬ್ಬ ಮುಗಿದ ಮಾರನೇ ದಿನವೇ ಹೇಳಿಬಿಡಿ, ಸರಿಯಾಗಿ ಒಂದು ತಿಂಗಳು ಸಿಗುತ್ತೆ. ಕೆಲವು ಸೀಲಿಯಾಕ್‌ನವರಿಗೆ ಶುದ್ಧ ಓಟ್ಸೂ ಆಗಿಬರಲ್ಲ, ಅದನ್ನ ಅವರನ್ನೇ ಕೇಳಿ.

ಎರಡು, ಮತ್ಸಾ ಸರಿಯಾಗಿ ತಂದು ಖರೋಸೆತ್‌ನಲ್ಲಿ ಕೆಡಿಸೋದು. ಎಂಟು ಜನ ಒಂದೇ ಬಟ್ಟಲಿಗೆ ಗೋಧಿ ಮತ್ಸಾ ಅದ್ದಿದ್ರೆ ಆ ಬಟ್ಟಲು ತುಂಬ ಗೋಧಿಪುಡಿ. ಮಾರೋರ್ (ಕಹಿಸೊಪ್ಪು), ಉಪ್ಪುನೀರು, ಖರೋಸೆತ್ ಮೂರನ್ನೂ ತಲೆಗೊಂದು ಪುಟ್ಟ ಕಪ್‌ನಲ್ಲಿ ಕೊಡಿ. 30 ಗ್ರಾಂ ಖರೋಸೆತ್ ಹಿಡಿಯೋ ಕಪ್ ಸಾಕು, ಮೇಲಿನ ಅಳತೆ 80 ಕಪ್‌ಗೆ ಸರಿಹೋಗುತ್ತೆ.

ಮೂರು, ಸೂಪ್. ಮತ್ಸಾ ಉಂಡೆ ಬೆಂದ ಸೂಪಿಂದ ಉಂಡೆ ತೆಗೆದು ಕೊಟ್ರೆ ಆಯ್ತು ಅಂದ್ಕೊಳ್ತಾರೆ. ಆಗಲ್ಲ. ಉಂಡೆಗಳನ್ನ ಬೇರೆ ಪಾತ್ರೆಯಲ್ಲಿ ಬೇಯಿಸಿ, ಬಡಿಸುವಾಗ ಬಟ್ಟಲಿಗೆ ಹಾಕಿ. ಆಗ ಸೂಪಿನ ಹಂಡೆ ಎಲ್ಲರಿಗೂ ಆಗುತ್ತೆ.

ಧಾರವಾಡ_ಫೇಡೆ
ನಮ್ಮ ಕಡೆ ಹಿರಿಯರ ಊಟದ್ದು ಹೇಳ್ರಿ ಯಾರರ. ಮಾಂಸ ಇಲ್ಲ, ತತ್ತಿ ಇಲ್ಲ, ಗೋಧಿ ಇಲ್ಲ. ಅನ್ನ ಮಾಡಬಹುದೇನ್ರಿ?

ಅಡುಗೆಮನೆ_ಲೆಕ್ಕ
ಅನ್ನ, ಬೇಳೆ, ಜೋಳ ಎಲ್ಲ ಕಿತ್ನಿಯೋತ್ ರೀ. ಸೆಫಾರ್ಡಿಗಳು (ಸ್ಪೇನ್ ಮೂಲದ ಯಹೂದಿಗಳು), ನಮ್ಮ ಬೆನೆ ಇಸ್ರೇಲ್‌ನವರು (ಕೊಂಕಣ ಕರಾವಳಿಯ ಯಹೂದಿಗಳು) ತಿಂತಾರೆ, ಅಶ್ಕೆನಾಜಿಗಳು ತಿನ್ನಲ್ಲ. ಕನ್ಸರ್ವೇಟಿವ್ ಪಂಗಡದ ಧರ್ಮಶಾಸ್ತ್ರ ಸಮಿತಿ 2015ರಲ್ಲಿ ತಿನ್ನಬಹುದು ಅಂತ ತೀರ್ಮಾನ ಕೊಟ್ಟಿದೆ. ಆದ್ರೂ ಬಿಡದ ಮನೆಗಳಿವೆ. ಅನ್ನವನ್ನ ಬೇರೆ ಮೇಜಲ್ಲಿ ಚೀಟಿ ಹಾಕಿ ಇಡಿ, ಅಕ್ಕಿಯಲ್ಲಿ ಗೋಧಿಕಾಳು ಸೇರಿರಬಹುದು ಅಂತ ಸೆಫಾರ್ಡಿಗಳು ಮೂರು ಸಲ ಆರಿಸೋ ಪದ್ಧತಿ ಇದೆ, ಅದನ್ನೂ ಮಾಡಿ.

ನಮ್ಮವರಿಗೆ ಗೊತ್ತಿರದ ದೊಡ್ಡ ಅಪಾಯ ಒಗ್ಗರಣೆಯಲ್ಲಿದೆ. ಅಂಗಡಿ ಹಿಂಗಿನಲ್ಲಿ ಸಾಮಾನ್ಯವಾಗಿ ಗೋಧಿಹಿಟ್ಟು ಬೆರೆಸಿರ್ತಾರೆ. ಅದು ನೇರ ಖಮೇತ್ಸ್ (ಪಾಸೋವರ್‌ನಲ್ಲಿ ನಿಷಿದ್ಧವಾದ ಹುಳಿಬಂದ ಧಾನ್ಯ), ಚಿಟಿಕೆ ಬಿದ್ರೂ ಅಡುಗೆಮನೆಯ ಪಾಸೋವರ್ ಶುದ್ಧಿ ಹೋಯ್ತು. ಸಾಸಿವೆ ಅಶ್ಕೆನಾಜಿಗಳಿಗೆ ಕಿತ್ನಿಯೋತ್. ಆದ್ರಿಂದ ಹಸಿಮೆಣಸಿನಕಾಯಿ, ಶುಂಠಿ, ಅರಿಶಿನ, ಹಸಿ ತೆಂಗಿನಕಾಯಿ ತುರಿ, ಕೊತ್ತಂಬರಿ ಸೊಪ್ಪು, ಇಷ್ಟರಲ್ಲೇ ಆಲೂಗಡ್ಡೆ ಪಲ್ಯ, ಬೀನ್ಸ್ ಬದಲು ಕ್ಯಾರೆಟ್-ಕೋಸು ಪಲ್ಯ. ಎಣ್ಣೆ ಪಾಸೋವರ್ ಮುದ್ರೆ ಇರೋದು, ಸೋಯಾ-ಜೋಳದ್ದಲ್ಲ. ಮುದ್ರೆ ಇರೋ ಕೀನ್ವಾ ಸಿಕ್ರೆ ಅನ್ನದ ಜಾಗದಲ್ಲಿ ಹೆಚ್ಚಿನವರಿಗೆ ನಡೆಯುತ್ತೆ. ಪ್ರೀತಿಯಿಂದ ಮನೆಯಲ್ಲಿ ಮಾಡಿ ತರ್ತೀವಿ ಅಂದವರಿಗೆ ಮೊದಲೇ ತಿಳಿಹೇಳಿ: ಹೊರಗಿನ ಊಟ ಹಾಲ್ ಒಳಗೆ ಬರೋ ಹಾಗಿಲ್ಲ, ಹಣ್ಣೂ ಉಸ್ತುವಾರಿಯವರನ್ನ ಕೇಳಿಯೇ.

ಧಾರವಾಡ_ಫೇಡೆ
ಹಿಂಗಿನ್ದು ಗೊತ್ತ ಇರ್ಲಿಲ್ರಿ! ಮಸರರ ಇರತದೇನು?

ಅಡುಗೆಮನೆ_ಲೆಕ್ಕ
ಮಾಂಸದ ಜೊತೆ ಹಾಲಿನದ್ದು ಸೇರಿಸೋ ಹಾಗಿಲ್ಲ, ಆದ್ರಿಂದ ಕೋಳಿ ಸೂಪ್ ಬಡಿಸಿದ್ರೆ ಆ ಊಟದಲ್ಲಿ ಹಾಲು, ಮೊಸರು, ತುಪ್ಪ ಯಾವುದೂ ಇಲ್ಲ. ಮೊಸರು ಬೇಕಂದ್ರೆ ಇಡೀ ಊಟ ಸಸ್ಯಾಹಾರ ಆಗ್ಬೇಕು, ಹೆಚ್ಚಂದ್ರೆ ಮೀನು. ನನ್ನ ಅಭಿಪ್ರಾಯ ಕೇಳಿದ್ರೆ 80 ಜನರ ಸಮುದಾಯದ ಊಟಕ್ಕೆ ಅದೇ ಸರಿ. ತರಕಾರಿ ಸೂಪ್, ಬೇಕ್ ಮಾಡಿದ ಸಾಲ್ಮನ್, ಅಣಬೆ-ಆಲೂಗಡ್ಡೆ ಕುಗೆಲ್ (ಓವನ್‌ನಲ್ಲಿ ಬೇಯಿಸೋ ಗಟ್ಟಿ ತಿನಿಸು) ಎರಡು ಥರ, ಒಂದು ಮೊಟ್ಟೆ ಹಾಕಿ, ಒಂದು ಹಾಕದೆ. ಎಷ್ಟೋ ತಲೆನೋವು ಕಮ್ಮಿ.

ಬ್ರಿಸ್ಕೆಟ್_ಪಕ್ಷ
ಪಾಸೋವರ್ ರಾತ್ರಿ ಮಾಂಸ ಇಲ್ಲದ ಊಟವೇ? ಹಿರಿಯರು ವರ್ಷವೆಲ್ಲ ಕಾಯೋದು ಆ ಬ್ರಿಸ್ಕೆಟ್‌ಗೆ (ದನದ ಎದೆಭಾಗದ ಮಾಂಸ), ಆ ಕೋಳಿ ಸೂಪ್‌ಗೆ. ಎಲ್ಲರನ್ನೂ ಒಳಗೊಳ್ಳೋದು ಅಂದ್ರೆ ಅವರ ನಾಲಿಗೆಯನ್ನೂ ಒಳಗೊಳ್ಳಬೇಕು. ಸೇಡರ್ ತಟ್ಟೆಯಲ್ಲಿ ವಿಧಿಗೆ ಇಡೋ ಮೂಳೆಯನ್ನೂ ತೆಗೀತೀರಾ ಮತ್ತೆ?

ನಿಯಮ_ನೋಡಿ
ಮೂಳೆ ವಿಷಯಕ್ಕೆ ತಾಲ್ಮುದ್ ಅನ್ನೋ ಪ್ರಾಚೀನ ಧರ್ಮಗ್ರಂಥದಲ್ಲೇ ಆಧಾರ ಇದೆ. ಅದರ ಪೆಸಾಖಿಮ್ ಭಾಗದ 114ನೇ ಹಾಳೆಯಲ್ಲಿ ಸೇಡರ್‌ನ ಎರಡು ಬೇಯಿಸಿದ ಪದಾರ್ಥ ಯಾವುವು ಅಂದಾಗ ರವ್ ಹೂನಾ ಅನ್ನೋ ಪಂಡಿತರು ಹೇಳೋದು ಬೀಟ್ ಮತ್ತು ಅಕ್ಕಿ. ಮೂಳೆ ಜಾಗದಲ್ಲಿ ಸುಟ್ಟ ಬೀಟ್‌ರೂಟ್ ಇಡೋರು ಅದನ್ನೇ ಹಿಡಿದಿದ್ದಾರೆ. ಊಟದ ವಿಷಯದಲ್ಲಿ ಮಾತ್ರ @ಬ್ರಿಸ್ಕೆಟ್_ಪಕ್ಷ ಹೇಳಿದ್ದರಲ್ಲಿ ನ್ಯಾಯ ಇದೆ. ಮಾಂಸದ ಊಟ ಇಟ್ಟು ಪಲ್ಯಗಳನ್ನ ಬೇರೆ ಪಾತ್ರೆಯಲ್ಲಿ ಮಾಡಿದ್ರೂ ನಡೆಯುತ್ತೆ, ಒಂದು ರಾತ್ರಿ ಮೊಸರು ಇಲ್ಲದೆ ಇರಬಹುದು.

ಕರಾವಳಿ_ಕೇರ್
ಇಸ್ರೇಲ್‌ನಲ್ಲಿ ಹಿರಿಯರನ್ನ ನೋಡ್ಕೊಳ್ಳೋ ಕೆಲಸದಲ್ಲಿರೋರು ಮಂಗಳೂರು-ಉಡುಪಿ ಕಡೆಯವರು ಬಹಳ ಜನ ಇದ್ದೇವೆ. ಇಲ್ಲಿ ಸೇಡರ್ ಒಂದೇ ರಾತ್ರಿ, ಹಿರಿಯರ ಮಟ್ಟಿಗೆ ಜಾಗ್ರತೆ ಎಲ್ಲ ಕಡೆ ಒಂದೇ.

ನುಂಗಲು ಕಷ್ಟ ಇರುವವರಿಗೆ ಒಣ ಮತ್ಸಾ ಅಪಾಯ, ಚೂರು ಗಂಟಲಲ್ಲಿ ನಿಲ್ಲುತ್ತದೆ. ಅಂಥವರಿಗೆ ನೀರಲ್ಲಿ ನೆನೆಸಿದ ಮತ್ಸಾ ಕೊಡಬಹುದು ಎಂದು ಶುಲ್ಖಾನ್ ಆರುಖ್ ಎಂಬ ಧರ್ಮಶಾಸ್ತ್ರ ಗ್ರಂಥದಲ್ಲೇ ಇದೆ, ಕರಗಿ ಹೋಗುವಷ್ಟು ನೆನೆಸಬಾರದು ಅಷ್ಟೆ. ಚಮಚದಲ್ಲಿ ಎತ್ತಿದಾಗ ತುಂಡು ತುಂಡಾಗಿಯೇ ಇರಬೇಕು. ಮತ್ಸಾ ಮತ್ತು ವೈನ್ ಹೊತ್ತಿಗೆ ಎಡಕ್ಕೆ ಒರಗಬೇಕು ಅಂತ ಉಂಟಲ್ಲ, ನುಂಗುವ ತೊಂದರೆ ಇರುವವರು ಒರಗುವುದು ಬೇಡ. ಬೆನ್ನು ನೇರ, ಗಲ್ಲ ಸ್ವಲ್ಪ ಕೆಳಗೆ. ದಿಂಬನ್ನು ಬೆನ್ನಿಗೆ ಕೊಡಿ. ರಸ ಗಟ್ಟಿ ಮಾಡಿ ಕುಡಿಸಬೇಕಾದವರಿದ್ದರೆ ಆ ಪುಡಿ ಯಾವುದರದ್ದು ಎಂದು ಮೊದಲೇ ರಬ್ಬಿಗೆ ತೋರಿಸಿ. ಆರೋಗ್ಯಕ್ಕೆ ಬೇಕಾದ್ದನ್ನು ಯಾರೂ ತಡೆಯುವುದಿಲ್ಲ, ಆದರೆ ಮೇಜಿನಲ್ಲಿ ಚರ್ಚೆ ಆಗುವುದು ಬೇಡ.

ಮರೆವಿನ ಕಾಯಿಲೆ ಇರುವವರನ್ನು ಓದಲು ಹೇಳಬೇಡಿ, ಹಾಡಲು ಹೇಳಿ. ಮಾ ನಿಶ್ತನಾ, ಅಂದರೆ ನಾಲ್ಕು ಪ್ರಶ್ನೆಯ ಹಾಡು, ಚಿಕ್ಕಂದಿನಲ್ಲಿ ಕಲಿತದ್ದು, ಬೇರೆಲ್ಲ ಹೋದ ಮೇಲೂ ಅದು ಉಳಿದಿರುತ್ತದೆ. ಅತಿ ಚಿಕ್ಕ ಮಗುವಿನ ಪಕ್ಕ ಅತಿ ಹಿರಿಯರನ್ನು ಕೂರಿಸಿ ಇಬ್ಬರಿಂದಲೂ ಹಾಡಿಸಿ.

ಇನ್ನೊಂದು, ನೋಡಿಕೊಳ್ಳುವವರಿಗೂ ತಟ್ಟೆ, ಕುರ್ಚಿ, ಹಗಾದಾ (ಸೇಡರ್‌ನಲ್ಲಿ ಓದುವ ಪುಸ್ತಕ) ಲೆಕ್ಕದಲ್ಲಿ ಸೇರಿಸಿ. 80 ಎಂದು ಎಣಿಸಿ ಹಿರಿಯರ ಸಹಾಯಕರನ್ನು ಗೋಡೆಗೆ ನಿಲ್ಲಿಸುವುದು ತುಂಬಾ ಕಡೆ ಕಾಣುತ್ತದೆ.

ಹಾಲ್_ಉಸ್ತುವಾರಿ
@ಕರಾವಳಿ_ಕೇರ್ ಅಕ್ಕ, ಸಹಾಯಕರನ್ನ ಎಣಿಸೇ ಇರಲಿಲ್ಲ. ಈಗ 84 ಆಯ್ತು. ತುಂಬ ಉಪಕಾರ.

ಕೂರಿಸೋದು, ಶಬ್ದ, ಅಫಿಕೋಮೆನ್ ಹುಡುಕಾಟ, ಈ ಮೂರು ಬಾಕಿ. ನಮ್ಮ ರಬ್ಬಿ ಮೈಕ್‌ಗೆ ಒಪ್ಪಿದ್ದಾರೆ.

ಇಳಿಜಾರು
ಮೈಕ್ ಒಂದೇ ಇದ್ರೆ ಸಾಲದು, ಓದೋರ ಕೈಗೆ ಮೈಕ್ ಹೋಗ್ಬೇಕು. "ನನ್ನ ಧ್ವನಿ ಜೋರಾಗಿದೆ, ಮೈಕ್ ಬೇಡ" ಅನ್ನೋರನ್ನ ಒಪ್ಪಬೇಡಿ, ಶ್ರವಣಯಂತ್ರದವರಿಗೆ ಅದು ಗದ್ದಲದಲ್ಲಿ ಕರಗಿಹೋಗುತ್ತೆ.

ದುಂಡು ಮೇಜಿಗೆ ಎಂಟೇ ಜನ, ಹತ್ತು ಬೇಡ. ನಡುವೆ ಕನಿಷ್ಠ 36 ಇಂಚು ದಾರಿ, ಕುರ್ಚಿಯಲ್ಲಿ ಜನ ಕೂತ ಮೇಲೆ ಅಳೆಯಿರಿ, ಖಾಲಿ ಕುರ್ಚಿ ಒಳಗೆ ತಳ್ಳಿ ಅಳೆದ ಲೆಕ್ಕ ಸುಳ್ಳು. ವೀಲ್‌ಚೇರ್ ಜಾಗದಲ್ಲಿ ಕುರ್ಚಿ ಮೊದಲೇ ತೆಗೆದಿಡಿ, ಮೇಜಿನ ಕೆಳಗೆ ಮೊಣಕಾಲಿಗೆ 27 ಇಂಚು ಎತ್ತರ ಸಿಗ್ಬೇಕು. ಉದ್ದ ಮೇಜುಬಟ್ಟೆ ಚಕ್ರಕ್ಕೆ ಸುತ್ತಿಕೊಳ್ಳುತ್ತೆ, ಗಿಡ್ಡ ಬಟ್ಟೆ ಹಾಕಿ. ಕೈ ತೊಳೆಯೋದು ಎರಡು ಸಲ ಇದೆ. 84 ಜನ ಎದ್ದು ಸಿಂಕ್‌ಗೆ ಹೋದ್ರೆ ಇಪ್ಪತ್ತು ನಿಮಿಷ ಅಲ್ಲೇ ಹೋಯ್ತು, ತಂಬಿಗೆ-ಬೋಗುಣಿ-ಟವೆಲ್ ಮೇಜಿನಿಂದ ಮೇಜಿಗೆ ಹೋಗಲಿ.

ಹಗಾದಾ ಎಲ್ಲರಿಗೂ ಒಂದೇ ಮುದ್ರಣದ್ದು. ದೊಡ್ಡಕ್ಷರದ ಪ್ರತಿಯಲ್ಲಿ ಪುಟಸಂಖ್ಯೆ ಬದಲಾಗುತ್ತೆ, ಅದರ ಅಂಚಿನಲ್ಲಿ ಮೂಲ ಪುಟಸಂಖ್ಯೆ ಕೈಯಲ್ಲೇ ಬರೆದಿಡಿ. ಹಾಡುಗಳನ್ನ ಒಂದು ಹಾಳೆಯಲ್ಲಿ ಕನ್ನಡ ಲಿಪಿಯಲ್ಲೂ ಬರೆದು ಕೊಟ್ರೆ ಊರಿಂದ ಬಂದವರೂ ದನಿಗೂಡಿಸ್ತಾರೆ.

ಹದಿನೈದು_ಹೆಜ್ಜೆ
ಅಫಿಕೋಮೆನ್ ಒಂದೇ ಬಚ್ಚಿಟ್ರೆ ವೇಗವಾಗಿ ಓಡೋ ಮಗು ಗೆಲ್ಲುತ್ತೆ, ಉಳಿದ 15 ಮಕ್ಕಳು ಅಳ್ತವೆ, ಮಧ್ಯೆ ಊರುಗೋಲಿನ ಹಿರಿಯರಿಗೆ ಡಿಕ್ಕಿ. ಹುಡುಕಾಟ ಪಕ್ಕದ ಕೋಣೆಯಲ್ಲಿ ಮಾಡಿ. 16 ತುಂಡಿನ ಜಿಗ್ಸಾ ಚಿತ್ರ, ತಲೆಗೊಂದೇ ತುಂಡು, ತುಂಡಿನ ಹಿಂದೆ ಮಗುವಿನ ಹೆಸರು. ಎಲ್ಲ ಸೇರಿ ಚಿತ್ರ ಜೋಡಿಸಿದ್ರೆ ಅಫಿಕೋಮೆನ್ ಎಲ್ಲಿದೆ ಅಂತ ತಿಳಿಯುತ್ತೆ, ಬಹುಮಾನ ಎಲ್ಲರಿಗೂ ಒಂದೇ. ಬಚ್ಚಿಡೋ ಎತ್ತರ ನೆಲದಿಂದ 40ರಿಂದ 110 ಸೆಂ.ಮೀ. ನಡುವೆ ಇರಲಿ, ಕೂತೂ ಎಟುಕುತ್ತೆ.

ಪ್ರಶಾಂತ ಕೋಣೆ ಒಂದು ಬೇಕೇ ಬೇಕು. ಟ್ಯೂಬ್‌ಲೈಟ್ ಆರಿಸಿ, ಮೂಲೆ ದೀಪ, ಕಿವಿಮುಚ್ಚಿಗೆ ನಾಲ್ಕೈದು. ಗಲಾಟೆ ಮಾಡಿದ ಮಗುವನ್ನ ಶಿಕ್ಷೆಗೆ ಅಲ್ಲಿಗೆ ಕಳಿಸಿದ್ರೆ ಮತ್ತೆ ಯಾವ ಮಗುವೂ ಆ ಕಡೆ ಹೋಗಲ್ಲ. ಇನ್ನು ಪ್ರವಾದಿ ಎಲಿಯಾಹುಗೆ ಬಾಗಿಲು ತೆಗೆಯೋ ಹೊತ್ತಲ್ಲಿ ಓಡಿಹೋಗೋ ಸ್ವಭಾವದ ಮಗು ಇದ್ರೆ ಹೊರಗಡೆ ಒಬ್ಬ ದೊಡ್ಡವರು ನಿಂತಿರಬೇಕು. ಬೀದಿ ಬಾಗಿಲು ಬೇಡ, ಒಳಗಿನ ವರಾಂಡದ ಬಾಗಿಲು ತೆಗೀರಿ.

ಬೆಳಗಾವಿ_ಕುಂದಾ
ಎಲಿಯಾಹು ಅಂದ ಕೂಡ್ಲೆ ನೆನಪಾತು. ಬೆನೆ ಇಸ್ರೇಲ್‌ನವರು ಅವಲಕ್ಕಿ, ಕೊಬ್ರಿ, ಸಕ್ರಿ, ಯಾಲಕ್ಕಿ, ಹಣ್ಣು ಕಲಿಸಿ ಮಲೀದಾ ಮಾಡ್ತಾರಲ್ರಿ, ಎಲಿಯಾಹು ಹನಾವಿ ಹೆಸರಿನ್ಯಾಗ. ಕನ್ನಡದ ಹಿರಿಯರಿಗೆ ಅದ ಇಟ್ರ ಭಾಳ ಖುಷಿ ಪಡ್ತಾರ.

ನಿಯಮ_ನೋಡಿ
ಮಲೀದಾ ಪಾಸೋವರ್‌ದಲ್ಲ. ಹರಕೆ ತೀರಿದಾಗ, ಶುಭಕಾರ್ಯಕ್ಕೆ, ತು ಬಿಶ್ವಾತ್‌ಗೆ (ಮರಗಳ ಹಬ್ಬ) ಮಾಡೋದು. ಅವಲಕ್ಕಿ ಅಂದ್ರೆ ಅಕ್ಕಿ, ಈ ಹಾಲ್‌ನಲ್ಲಿ ಮತ್ತೆ ಕಿತ್ನಿಯೋತ್ ಪಂಚಾಯ್ತಿ. ತು ಬಿಶ್ವಾತ್‌ಗೆ ಇಟ್ಕೊಳ್ಳಿ, ಒಲೆ ಬೇಡದ ಅಡುಗೆ, ಮಕ್ಕಳೂ ಅಜ್ಜಿಯರೂ ಕೂತು ಕಲಸಬಹುದು.

ತುಂಗಾತೀರ
ಪೂರಿಮ್‌ಗೂ ಹೀಗೇ ಒಂದು ಚರ್ಚೆ ಬೇಕು. ಆ ಗಿಲಕಿ ಸದ್ದಿಗೆ ಎಷ್ಟೋ ಮಕ್ಕಳು ಕಿವಿ ಮುಚ್ಕೊಂಡು ಹೊರಗೆ ಓಡ್ತವೆ.

ಹದಿನೈದು_ಹೆಜ್ಜೆ
ಪೂರಿಮ್‌ಗೆ ಓದೋ ಮೆಗಿಲ್ಲಾದಲ್ಲಿ (ಎಸ್ತೇರಳ ಕಥೆ) ಖಳನಾಯಕ ಹಾಮಾನ್ ಹೆಸರು 54 ಸಲ ಬರುತ್ತೆ, ಹೆಸರು ಬಂದಾಗೆಲ್ಲ ಗಿಲಕಿ ಸದ್ದು. ಮುಂದೆ ಒಬ್ಬರು ಹಸಿರು-ಕೆಂಪು ಫಲಕ ಹಿಡಿದು ನಿಂತ್ರೆ ಸಾಕು: ಹಸಿರು ಎತ್ತಿದಾಗ ಸದ್ದು, ಕೆಂಪು ಎತ್ತಿದಾಗ ನಿಶ್ಶಬ್ದ. ಸದ್ದು ಬರೋದು ಮಗುವಿಗೆ ಮುಂಚೆಯೇ ಗೊತ್ತಾಗುತ್ತೆ. ಒಂದೊಂದು ಪದವೂ ಕೇಳಿಸಬೇಕು ಅನ್ನೋ ಕಟ್ಟಳೆಗೂ ಅನುಕೂಲ. ಬೇರೆ ಎಳೆ ಶುರು ಮಾಡಿ, ಅಲ್ಲಿ ಬರೀತೀನಿ.

ಹಾಲ್_ಉಸ್ತುವಾರಿ
ಪ್ರತ್ಯೇಕ ಟೇಬಲ್ ಬಿಟ್ಟಿದ್ದಾಯ್ತು, ತಂಡದವರೆಲ್ಲ ಒಪ್ಪಿದ್ರು. 6:45ಕ್ಕೆ ಆಟ ಮತ್ತು ಆಲೂಗಡ್ಡೆ, ಕತ್ತಲಾದ ಮೇಲೆ ಕದೇಶ್. ಕೋಳಿ ಸೂಪ್ ಉಳೀತು, ಮೊಸರು ಹೋಯ್ತು, ಪಲ್ಯಕ್ಕೆ ಬೇರೆ ಪಾತ್ರೆ. ನೋಂದಣಿ ಅರ್ಜಿಯಲ್ಲಿ ಏನು ಕೇಳ್ಬೇಕು? 'ವಿಶೇಷ ಅಗತ್ಯ ಇದೆಯೇ?' ಅನ್ನೋ ಒಂದೇ ಸಾಲು ಇದೆ ಈಗ.

ಇಳಿಜಾರು
ಆ ಸಾಲು ತೆಗೆದುಬಿಡಿ, ಅದಕ್ಕೆ ಹೆಚ್ಚಿನವರು 'ಇಲ್ಲ' ಅಂತಲೇ ಬರೀತಾರೆ. ಕಾಯಿಲೆ ಹೆಸರು ಕೇಳಬೇಡಿ, ಏನು ಮಾಡಿಕೊಡ್ಬೇಕು ಅಂತ ಕೇಳಿ. ಗುರುತು ಹಾಕೋ ಚೌಕಗಳಿರಲಿ: ಮೆಟ್ಟಿಲಿಲ್ಲದ ದಾರಿ, ಕೈಯಿರೋ ಕುರ್ಚಿ, ಶೌಚಾಲಯದ ಹತ್ರದ ಜಾಗ, ಓದೋರ ತುಟಿ ಕಾಣೋ ಜಾಗ, ದೊಡ್ಡಕ್ಷರದ ಹಗಾದಾ, ಗ್ಲೂಟನ್ ಇಲ್ಲದ ಮತ್ಸಾ, ಮೊಟ್ಟೆ ಇಲ್ಲದ ಊಟ, ಮೆತ್ತಗಿನ ಊಟ, ಜೊತೆಗೆ ಬರೋ ಸಹಾಯಕರು ಎಷ್ಟು. ಕೊನೆಗೆ ಒಂದು ಖಾಲಿ ಸಾಲು, ಫೋನ್ ಮಾಡಿ ಮಾತಾಡೋಕೆ ಸಿಗೋ ಒಬ್ಬರ ಹೆಸರು. ಅರ್ಜಿ ಮೂರು ವಾರ ಮುಂಚೆ ಮುಚ್ಚಿ, ಓಟ್ಸ್ ಮತ್ಸಾ ತರಿಸೋಕೆ ಅಷ್ಟು ದಿನ ಬೇಕು.

ಗೋಧಿ_ಬೇಡ
ಮೂರು ವಾರ ಸಾಲದು. ಓಟ್ಸ್ ಮತ್ಸಾ ಈಗಲೇ ಎರಡು ಪೆಟ್ಟಿಗೆ ಹೆಚ್ಚೇ ಹೇಳಿಡಿ, ಕೊನೇ ದಿನ ಬಂದು ಸೇರೋರು ಇದ್ದೇ ಇರ್ತಾರೆ.